ಕಲಬುರಗಿ ಬಿಸಿಲಿಗೆ, ಸಣ್ಣ ಜಾಗಕ್ಕೆ ಯಾವ ಬಳ್ಳಿ ಗುಲಾಬಿ?

ನಿಮ್ಮ ಪ್ರಶ್ನೆ ಇದು: ಕಲಬುರಗಿಯಲ್ಲಿ 30×40 ಸೈಟಿನ ಹೊಸ ಮನೆ, ಗೇಟಿನ ಪಕ್ಕ ಕಾಂಪೌಂಡಿಗೆ ಹತ್ತಿ ಮೂರು ಅಡಿ ಅಗಲದ ಮಣ್ಣಿನ ಜಾಗ, ಗೋಡೆ 12 ಅಡಿ ಉದ್ದ. ಅದರ ಮೇಲೆ ಹಬ್ಬಿಸಲು ವರ್ಷಪೂರ್ತಿ ಹೂ ಬಿಡುವ ಬಳ್ಳಿ ಗುಲಾಬಿ ಯಾವುದು?

ಬಿಳಿ ಇಷ್ಟವಿದ್ದರೆ ಕ್ಲೈಂಬಿಂಗ್ ಐಸ್‌ಬರ್ಗ್. ಕೆಂಪು ಬಣ್ಣ, ಜೊತೆಗೆ ಒಳ್ಳೆಯ ಘಮ ಬೇಕು ಅಂದರೆ ಡಾನ್ ಜುವಾನ್. ಎರಡರಲ್ಲಿ ಒಂದನ್ನು ಆರಿಸಿ, ಒಂದೇ ಗಿಡ ಹಾಕಿ. 12 ಅಡಿ ಗೋಡೆಗೆ ಒಂದು ಸಾಕು. ಅಂಗಡಿಯವರು ಮೂರು ಬಣ್ಣದ್ದು ಮೂರು ತಗೊಳ್ಳಿ ಅನ್ನುತ್ತಾರೆ, ಒಪ್ಪಬೇಡಿ. ಎರಡು ವರ್ಷದಲ್ಲಿ ಮೂರೂ ಒಂದರೊಳಗೊಂದು ಸಿಕ್ಕಿಹಾಕಿಕೊಂಡು ಮುಳ್ಳಿನ ಪೊದೆಯಾಗುತ್ತದೆ ಅಷ್ಟೇ.

ಇನ್ನು ವರ್ಷಪೂರ್ತಿ ಹೂವಿನ ಮಾತು. ನಮ್ಮ ಊರಿನಲ್ಲಿ ಅದು ಆಗದ ಮಾತು. ಎಷ್ಟೇ ಒಳ್ಳೆಯ ಜಾತಿಯಾದರೂ ಗುಲಾಬಿ ಅಲೆಅಲೆಯಾಗಿ ಹೂ ಬಿಡುತ್ತದೆ. ಒಂದು ಸುತ್ತು ಹೂ ಮುಗಿದ ಮೇಲೆ ಮತ್ತೆ ಚಿಗುರಿ, ಮೊಗ್ಗಾಗಿ ಅರಳಲು ಆರೇಳು ವಾರ ಬೇಕು. ಕಲಬುರಗಿಯಲ್ಲಿ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಬರುವುದೇ ನಿಜವಾದ ಹೂ. ಅಗಲ, ಬಣ್ಣ, ಘಮ ಎಲ್ಲ ಆಗಲೇ. ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಹೂವಿನ ಗಾತ್ರ ಇಳಿಯಲು ಶುರುವಾಗುತ್ತದೆ. ಏಪ್ರಿಲ್, ಮೇನಲ್ಲಿ 42-43 ಡಿಗ್ರಿ ಬಿಸಿಲಿಗೆ ಗಿಡ ಜೀವ ಹಿಡಿದುಕೊಂಡಿದ್ದರೆ ದೊಡ್ಡದು. ಆಗ ಮೊಗ್ಗು ಬಂದರೂ ಬೆಳಿಗ್ಗೆ ಅರಳಿ ಸಂಜೆಗೆ ಅಂಚು ಸುಟ್ಟಿರುತ್ತದೆ. ನಾನಂತೂ ಆ ಎರಡು ತಿಂಗಳು ಮೊಗ್ಗು ಕಂಡರೆ ಚಿವುಟಿಬಿಡುತ್ತೇನೆ. ಮಳೆ ಬಿದ್ದ ಮೇಲೆ ಗಿಡ ಮತ್ತೆ ಹುರುಪು ಹಿಡಿಯುತ್ತದೆ. ಬೀದರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲೂ ಐಸ್‌ಬರ್ಗ್ ಇದೆ. ಅಲ್ಲಿ ಕೆಮ್ಮಣ್ಣು, ಊರೂ ನಮಗಿಂತ ಎತ್ತರದಲ್ಲಿದೆ, ಸ್ವಲ್ಪ ತಂಪು. ಅವಳಿಗೆ ಹೂವಿನ ಕಾಲ ಇನ್ನಷ್ಟು ದಿನ ಜಾಸ್ತಿ ಸಿಗುತ್ತದೆ. ಪ್ರತಿ ಸಲ ಫೋನಿನಲ್ಲಿ ಅದನ್ನು ಹೇಳದೆ ಬಿಡುವುದಿಲ್ಲ.

ಸಾಮಾನ್ಯವಾಗಿ ನರ್ಸರಿಯಲ್ಲಿ ಯಾರೂ ಹೇಳದ ಸಂಗತಿ ಒಂದಿದೆ. ಬಳ್ಳಿಯಾಗಿ ಉದ್ದ ಬೆಳೆಯುವ ಗುಣಕ್ಕೂ ಮತ್ತೆ ಮತ್ತೆ ಹೂ ಬಿಡುವ ಗುಣಕ್ಕೂ ಗುಲಾಬಿಯಲ್ಲಿ ಅಷ್ಟಾಗಿ ಹೊಂದಿಕೆಯಿಲ್ಲ. ಹೆಚ್ಚಿನ ಕಾಡು ಗುಲಾಬಿಗಳು ವರ್ಷಕ್ಕೊಮ್ಮೆ ಹೂ ಬಿಟ್ಟು, ಉಳಿದ ಕಾಲವೆಲ್ಲ ಟೊಂಗೆ ಬೆಳೆಸುತ್ತವೆ. ಹೂವನ್ನು ತಡೆದು ಹಿಡಿಯುವ ಕೆಎಸ್‌ಎನ್ ಎಂಬ ಜೀನ್ ಅವುಗಳಲ್ಲಿ ಇರುತ್ತದೆ. ಚೀನಾದ ಹಳೆಯ ತೋಟದ ಗುಲಾಬಿಗಳಲ್ಲಿ ಈ ಜೀನಿನ ನಡುವೆ ಬೇರೊಂದು ಡಿಎನ್‌ಎ ತುಂಡು ಬಂದು ಸೇರಿಕೊಂಡು, ಆ ತಡೆ ಕೆಲಸ ಮಾಡದಂತಾಯಿತು. ಹಾಗಾಗಿ ಚಿಗುರು ಬಂದಂತೆಲ್ಲ ತುದಿಯಲ್ಲಿ ಹೂ ಬರತೊಡಗಿತು. ತುದಿಗೆ ಹೂ ಬಂದರೆ ಟೊಂಗೆಯ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ, ಅದಕ್ಕೇ ಗಿಡ ಗಿಡ್ಡ. ಇವತ್ತಿನ ತೋಟದ ಗುಲಾಬಿಗಳಿಗೆ ಪದೇ ಪದೇ ಹೂ ಬಿಡುವ ಗುಣ ಮುಖ್ಯವಾಗಿ ಬಂದಿದ್ದು ಈ ಚೀನಾ ಗುಲಾಬಿಗಳಿಂದಲೇ. ಇನ್ನೂ ಮಜಾ ಇರುವುದು 2012ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ. ಓಲ್ಡ್ ಬ್ಲಶ್ ಎಂಬ ಹಳೆಯ ಚೀನಾ ಗುಲಾಬಿಗೆ ಒಂದು ಬಳ್ಳಿ ರೂಪವಿದೆ. ಅದರಲ್ಲಿ ಸೇರಿಕೊಂಡಿದ್ದ ತುಂಡಿನ ಬಹುಪಾಲು ಕಳಚಿಹೋಗಿ ಜೀನ್ ಮತ್ತೆ ಕೆಲಸ ಶುರು ಮಾಡಿತ್ತು. ಗಿಡ ಬಳ್ಳಿಯೇನೋ ಆಯಿತು, ಹೂ ಮಾತ್ರ ವರ್ಷಕ್ಕೊಮ್ಮೆಗೆ ಇಳಿಯಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಹೆಸರಿನ ಮುಂದೆ 'ಕ್ಲೈಂಬಿಂಗ್' ಅಂತ ಇರುವ ಗಿಡಗಳು ಹೆಚ್ಚಾಗಿ ಪೊದೆ ಗುಲಾಬಿಯಲ್ಲಿ ತಾನಾಗಿ ಹುಟ್ಟಿದ ಬಳ್ಳಿ ಟೊಂಗೆಯಿಂದ ಬಂದವು. ಕ್ಲೈಂಬಿಂಗ್ ಪೀಸ್, ಕ್ಲೈಂಬಿಂಗ್ ಕ್ರಿಮ್ಸನ್ ಗ್ಲೋರಿ ಇಂಥವು. ಪೊದೆಯಲ್ಲಿದ್ದಷ್ಟು ಹೂ ಬಳ್ಳಿಯಲ್ಲೂ ಬರುತ್ತದೆ ಅಂದುಕೊಂಡರೆ ನಿರಾಸೆಯೇ. ಮೊದಲ ಸುತ್ತು ಗೋಡೆ ತುಂಬ ಹೂ, ಆಮೇಲೆ ಬರೀ ಎಲೆ. ಐಸ್‌ಬರ್ಗ್ ಮಾತ್ರ ಇದಕ್ಕೆ ಹೊರತು. ಜರ್ಮನಿಯ ಕೊರ್ಡೆಸ್ ಅವರ ಮೂಲ ಪೊದೆ 1958ರದ್ದು, ಬಳ್ಳಿ ರೂಪ 1968ರದ್ದು. ಬಳ್ಳಿಯಾದ ಮೇಲೂ ಇದು ಹೂ ಬಿಡುವುದನ್ನು ಮರೆತಿಲ್ಲ. ಗೊಂಚಲು ಗೊಂಚಲು ಬಿಳಿ ಹೂ, ಮುಳ್ಳು ತೀರಾ ಕಡಿಮೆ. ಗೇಟಿನ ಪಕ್ಕ, ಮಕ್ಕಳು ಓಡಾಡುವ ಜಾಗಕ್ಕೆ ಇದಕ್ಕಿಂತ ಬೇರೆ ಬೇಡ. ಘಮ ಮಾತ್ರ ಅಷ್ಟಕ್ಕಷ್ಟೇ.

ಡಾನ್ ಜುವಾನ್ ಹುಟ್ಟಿನಿಂದಲೇ ಬಳ್ಳಿ. 1958ರದ್ದೇ. ಮಖಮಲ್ಲಿನಂಥ ಕಡುಗೆಂಪು ಹೂ, ಉದ್ದ ತೊಟ್ಟು, ಗಟ್ಟಿ ಘಮ. ಎಂಟು-ಹತ್ತು ಅಡಿಗೆ ನಿಲ್ಲುತ್ತದೆ, ಅದೇ ಅದರ ದೊಡ್ಡ ಗುಣ. ಬಿಸಿಲಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಟೊಂಗೆ ದಪ್ಪ, ಮುಳ್ಳು ಚೂಪು, ಆದ್ದರಿಂದ ಗೇಟಿಗಿಂತ ಸ್ವಲ್ಪ ದೂರ ಇಡಿ. ಹಳದಿ ಬೇಕೆಂದರೆ ಗೋಲ್ಡನ್ ಷವರ್ಸ್ ಇದೆ, ಅದೂ ಹತ್ತಡಿಯ ಆಸುಪಾಸಿನದು. ಆದರೆ ನಮ್ಮ ಬಿಸಿಲಿಗೆ ಆ ಹಳದಿ ಬೇಗ ಬೆಳ್ಳಗಾಗುತ್ತದೆ.

ಇನ್‌ಸ್ಟಾಗ್ರಾಮಿನಲ್ಲಿ ಎಲ್ಲರೂ ಹಾಕುವ ಆ ದುಂಡು ದುಂಡು ನಸುಗುಲಾಬಿ ಹೂ ಪಿಯೆರ್ ದ ರೊನ್ಸಾರ್. ಫ್ರಾನ್ಸಿನ ಮೆಯ್ಯಾಂಡ್ ಅವರದು, 1985ರದ್ದು. ನರ್ಸರಿಯಲ್ಲಿ ಈಡನ್ ಎಂದೂ ಕರೆಯುತ್ತಾರೆ. ಚೆಂದ ಇದೆ, ಒಪ್ಪುತ್ತೇನೆ. ಆದರೆ ಮೊದಲ ಸುತ್ತಿನಷ್ಟು ಹೂ ಆಮೇಲೆ ಬರುವುದಿಲ್ಲ, ಬೇರೂರಲು ತುಂಬ ಸಮಯ ತೆಗೆದುಕೊಳ್ಳುತ್ತದೆ, ಎಸಳು ಜಾಸ್ತಿ ಇರುವುದರಿಂದ ಮಳೆ ಬಂದರೆ ಮೊಗ್ಗು ಅರಳದೆ ಕೊಳೆಯುತ್ತದೆ. ನೀವು ಕೇಳಿದ್ದು ಮತ್ತೆ ಮತ್ತೆ ಬರುವ ಹೂ, ಹಾಗಾಗಿ ಇದು ನಿಮ್ಮ ಗಿಡವಲ್ಲ.

ನ್ಯೂ ಡಾನ್ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರ ಕಥೆ ಓಲ್ಡ್ ಬ್ಲಶ್‌ಗೆ ಪೂರ್ತಿ ಉಲ್ಟಾ. ವರ್ಷಕ್ಕೊಮ್ಮೆ ಹೂ ಬಿಡುವ ಡಾ. ಡಬ್ಲ್ಯೂ. ವ್ಯಾನ್ ಫ್ಲೀಟ್ ಎಂಬ ಬಳ್ಳಿಯಲ್ಲಿ ಮತ್ತೆ ಮತ್ತೆ ಹೂ ಬಿಡುವ ಒಂದು ಗಿಡ ತಾನಾಗಿ ಹುಟ್ಟಿತು. 1931ರಲ್ಲಿ ಅಮೆರಿಕ ಗಿಡವೊಂದಕ್ಕೆ ಕೊಟ್ಟ ಮೊಟ್ಟಮೊದಲ ಪೇಟೆಂಟ್ ಇದಕ್ಕೇ ಸಿಕ್ಕಿತು. ಆದರೆ 15-20 ಅಡಿ ಓಡುವ ಬಳ್ಳಿ ಅದು. ನಿಮ್ಮ ಗೋಡೆ ದಾಟಿ ಪಕ್ಕದ ಮನೆಯವರ ಬಟ್ಟೆ ತಂತಿಗೆ ಹೋಗುತ್ತದೆ. ಬೇಡ.

ಗಿಡ ತರುವಾಗ ಹುಷಾರು. ಇಲ್ಲಿಗೆ ಗುಲಾಬಿ ಬರುವುದು ಆಂಧ್ರದ ಕಡಿಯಂ, ಪುಣೆ, ಬೆಂಗಳೂರು ಕಡೆಯ ಲಾರಿಗಳಲ್ಲಿ. ಅಷ್ಟು ದೂರ ಬರುವಷ್ಟರಲ್ಲಿ ಹೆಸರಿನ ಚೀಟಿ ಕಳೆದುಹೋಗಿ ಎಲ್ಲವೂ 'ಕ್ರೀಪರ್ ರೋಜ್' ಆಗಿರುತ್ತವೆ. ಡಿಸೆಂಬರ್-ಜನವರಿಯಲ್ಲಿ, ಗಿಡದ ಮೇಲೆ ಹೂ ಇರುವಾಗ ನೋಡಿ ತನ್ನಿ. ಹೂ ಉದುರಿದ ತುದಿಯ ಕೆಳಗೆ ಹೊಸ ಚಿಗುರು, ಅದರ ತುದಿಯಲ್ಲಿ ಮೊಗ್ಗು ಕಂಡರೆ ಅದು ಮತ್ತೆ ಹೂ ಬಿಡುವ ಜಾತಿ. ಕಸಿ ಕಟ್ಟಿದ ಗಂಟನ್ನೂ ನೋಡಿ. ಗಂಟಿನ ಕೆಳಗಿನಿಂದ ಬಂದ ಟೊಂಗೆ ಬೇರುಗಿಡದ್ದು, ಅಂದರೆ ಕಸಿ ಕಟ್ಟಲು ಬುಡವಾಗಿ ಬಳಸಿದ ಬೇರೆ ಗುಲಾಬಿಯದ್ದು. ಅದು ಸರಸರ ಬೆಳೆಯುತ್ತದೆ, ಬಳ್ಳಿಯ ಹಾಗೇ ಕಾಣುತ್ತದೆ. ಜನ ಖುಷಿಯಿಂದ ನೀರು ಹಾಕುತ್ತಾರೆ, ಅಷ್ಟರಲ್ಲಿ ಅಸಲಿ ಗಿಡ ಸೊರಗಿ ಸತ್ತಿರುತ್ತದೆ. ಕಂಡ ತಕ್ಷಣ ಬುಡದಿಂದ ಕಿತ್ತುಹಾಕಿ.

ಗೋಡೆ ಯಾವ ದಿಕ್ಕಿಗಿದೆ ಎಂದು ನೀವು ಬರೆದಿಲ್ಲ. ಬೆಳಗಿನ ಬಿಸಿಲು ಐದಾರು ಗಂಟೆ ಬಿದ್ದು, ಮಧ್ಯಾಹ್ನದ ಮೇಲೆ ನೆರಳಾದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪಡುವಣದ ಬಿಸಿಲು ನೇರ ಬಡಿಯುವ ಗೋಡೆ ಮೇ ತಿಂಗಳಲ್ಲಿ ರೊಟ್ಟಿ ಹಂಚಿನ ಹಾಗೆ ಕಾದು, ರಾತ್ರಿಯೂ ಶಾಖ ಬಿಡುತ್ತಿರುತ್ತದೆ. ಅಂಥ ಗೋಡೆಯಾದರೆ ಬೇಸಿಗೆಯಲ್ಲಿ ಹಸಿರು ನೆರಳು ಬಲೆ ಕಟ್ಟಬೇಕಾಗುತ್ತದೆ. ಯಾವ ಗೋಡೆಯಾದರೂ ಟೊಂಗೆಯನ್ನು ಅದಕ್ಕೆ ಅಂಟಿಸಬೇಡಿ. ಹುಕ್ ಹೊಡೆದು, ಗೋಡೆಯಿಂದ ನಾಲ್ಕೈದು ಇಂಚು ಮುಂದೆ ಜಿಐ ತಂತಿ ಎಳೆಯಿರಿ. ಒಂದೂವರೆ ಅಡಿಗೆ ಒಂದು ಸಾಲು.

ಈಗ ಮುಖ್ಯ ಕೆಲಸ. ಗಿಡ ಎಷ್ಟು ಹೂ ಬಿಡುತ್ತದೆ ಅನ್ನುವುದರಲ್ಲಿ ಅರ್ಧ ಜಾತಿಯ ಪಾಲು, ಇನ್ನರ್ಧ ನೀವು ಟೊಂಗೆಯನ್ನು ಹೇಗೆ ಕಟ್ಟುತ್ತೀರಿ ಅನ್ನುವುದರ ಪಾಲು. ನೆಟ್ಟಗೆ ಮೇಲೆ ಬಿಟ್ಟರೆ ತುದಿಯ ಕಣ್ಣು (ಚಿಗುರೊಡೆಯುವ ಜಾಗ) ಮಾತ್ರ ಬೆಳೆದು, ಕೆಳಗಿನ ಕಣ್ಣುಗಳನ್ನು ಮಲಗಿಸಿಡುತ್ತದೆ. ಹೂ ಮಹಡಿಯವರಿಗೆ, ನಿಮಗೆ ಬರೀ ಕಡ್ಡಿ. ಅದೇ ಟೊಂಗೆಯನ್ನು ಅಡ್ಡಕ್ಕೆ ಬಗ್ಗಿಸಿ ತಂತಿಗೆ ಕಟ್ಟಿದರೆ ಉದ್ದಕ್ಕೂ ಒಂದೊಂದು ಕಣ್ಣೂ ಎದ್ದು ಪಕ್ಕದ ಟೊಂಗೆ ಬರುತ್ತದೆ, ಹೂ ಬಿಡುವುದು ಅದರಲ್ಲೇ. ಟೊಂಗೆ ಇನ್ನೂ ಹಸಿರಾಗಿ, ಎಳೆಯದಾಗಿ ಇರುವಾಗಲೇ ಬಗ್ಗಿಸಿ. ಬಲಿತ ಡಾನ್ ಜುವಾನ್ ಟೊಂಗೆ ಬಗ್ಗಿಸಲು ಹೋದರೆ ಲಟಕ್ಕನೆ ಮುರಿಯುತ್ತದೆ. ಕಟ್ಟಲು ತಂತಿ ಬೇಡ, ಹಳೇ ಕಾಟನ್ ಸೀರೆಯ ಚಿಂದಿ ಸಾಕು.

ಮೊದಲ ಎರಡು ವರ್ಷ ಕತ್ತರಿ ದೂರ ಇಡಿ. ಒಣಗಿದ್ದನ್ನು ಮಾತ್ರ ತೆಗೆಯಿರಿ. ಆಗ ಹೂ ಕಡಿಮೆಯೇ ಬರುತ್ತದೆ, ಗಾಬರಿ ಬೇಡ. ಮೂರನೇ ವರ್ಷದಿಂದ ಸೀಗಿ ಹುಣ್ಣಿಮೆಯ ಆಸುಪಾಸು, ಮಳೆ ನಿಂತ ಮೇಲೆ, ಪಕ್ಕದ ಟೊಂಗೆಗಳನ್ನು ಎರಡು-ಮೂರು ಕಣ್ಣು ಬಿಟ್ಟು ಕತ್ತರಿಸಿ. ಉದ್ದದ ಮುಖ್ಯ ಟೊಂಗೆಗಳನ್ನು ಮುಟ್ಟಬೇಡಿ. ಎಳ್ಳಮಾವಾಸ್ಯೆಗೆ ಮುಂಚೆಯೇ ಗೋಡೆ ತುಂಬಿರುತ್ತದೆ. ಬಾಡಿದ ಹೂವನ್ನು ಆಗಾಗ ಕತ್ತರಿಸುತ್ತಿದ್ದರೆ ಮುಂದಿನ ಸುತ್ತು ಬೇಗ ಬರುತ್ತದೆ. ಬಿಟ್ಟರೆ ಕಾಯಿ ಕಟ್ಟುವುದರಲ್ಲೇ ಗಿಡದ ಶಕ್ತಿ ಹೋಗುತ್ತದೆ.

ಮಣ್ಣಿನ ವಿಷಯದಲ್ಲಿ ನಮ್ಮದು ಕಷ್ಟದ ಊರು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಯಾಕಿವೆ ಹೇಳಿ? ನೆಲದಡಿಯೇ ಸುಣ್ಣದಕಲ್ಲು. ನಾವು ಅಂಗಳಕ್ಕೆ ಹಾಸುವ ಶಹಾಬಾದಿ ಫರಸಿಯೂ ಸುಣ್ಣದಕಲ್ಲೇ. ಇಲ್ಲಿನ ಎರೆಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 8ರ ಆಸುಪಾಸು, ಗುಲಾಬಿಗೆ ಬೇಕಿರುವುದು 6ರಿಂದ 7. ಹೊಸ ಮನೆ ಅಂದಿರಿ, ಹಾಗಾದರೆ ಆ ಮೂರು ಅಡಿ ಜಾಗದಲ್ಲಿ ಉಳಿದ ಸಿಮೆಂಟು, ಗಿಲಾವಿನ ಚೂರು, ಇಟ್ಟಿಗೆ ಪುಡಿ ಎಲ್ಲ ಹೂತಿರುತ್ತದೆ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಆ ಮಣ್ಣನ್ನು ಪೂರ್ತಿ ಹೊರಗೆ ಹಾಕಿ. ಕೆಂಪು ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಸ್ವಲ್ಪ ಉಸುಕು, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಗುಂಡಿಯ ನಡುಭಾಗ ಗೋಡೆಯಿಂದ ಒಂದೂವರೆ ಅಡಿ ದೂರ ಇರಲಿ. ಗಿಡದ ಜೊತೆ ಬಂದ ಜೇಡಿಮಣ್ಣಿನ ಗಟ್ಟಿ ಉಂಡೆಯನ್ನು ಬಕೆಟ್ ನೀರಿನಲ್ಲಿಟ್ಟು ಮೆತ್ತಗೆ ಬಿಡಿಸಿ. ಹಾಗೇ ನೆಟ್ಟರೆ ಬೇರು ಅದರಿಂದ ಹೊರಬರಲು ಒದ್ದಾಡುತ್ತದೆ. ಕಸಿ ಗಂಟು ಮಣ್ಣಿನ ಮೇಲೆಯೇ ಇರಬೇಕು.

ಇಷ್ಟು ಮಾಡಿದರೂ ಬೋರ್‌ವೆಲ್ ನೀರಿನಿಂದ ಸುಣ್ಣ ಮತ್ತೆ ಸೇರುತ್ತಲೇ ಇರುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದ ದೆಸೆಯಿಂದ ಬೇರಿಗೆ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಚೆಲೇಟೆಡ್ ಐರನ್‌ನಲ್ಲಿ (ಬೇರಿಗೆ ಸಿಗುವ ರೂಪದಲ್ಲಿ ಮಾಡಿದ ಕಬ್ಬಿಣ) ಇಡಿಟಿಎ ರೂಪದ್ದು ನಮ್ಮ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಇಡಿಡಿಎಚ್‌ಎ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಬೆಲೆ ಜಾಸ್ತಿ, ಆದರೆ ಕೆಲಸ ಮಾಡುತ್ತದೆ. ಆರ್‌ಒ ಮಷೀನಿನಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವವರು ನಮ್ಮ ಓಣಿಯಲ್ಲಿ ತುಂಬ ಜನ. ಉಪ್ಪೆಲ್ಲ ಅದರಲ್ಲೇ ಉಳಿದಿರುತ್ತದೆ. ಗುಲಾಬಿಗೆ ಅದು ಬೇಡವೇ ಬೇಡ, ಅಂಗಳ ತೊಳೆಯಿರಿ. ಬುಡಕ್ಕೆ ಮೂರು ಇಂಚು ತೊಗರಿ ಹೊಟ್ಟು ಹರಡಿ. ತೊಗರಿಯ ಊರಿನಲ್ಲಿ ಅದಕ್ಕೇನು ಬರ?

ರೋಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೇಸಿಗೆಯಲ್ಲಿ ಎಲೆಯಡಿ ಕೆಂಪು ನುಸಿ ಬರುತ್ತದೆ. ಬೆಳಿಗ್ಗೆ ಪೈಪಿನಿಂದ ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹೊಡೆದರೆ ಹತೋಟಿಗೆ ಬರುತ್ತದೆ. ಚಳಿಗಾಲದ ಬೂದಿ ರೋಗಕ್ಕೆ ಗಂಧಕ ಸಾಕು, ಆದರೆ ಬಿಸಿಲು ಏರಿದ ಮೇಲೆ ಗಂಧಕ ಸಿಂಪಡಿಸಿದರೆ ಎಲೆ ಸುಡುತ್ತದೆ.

ಗಿಡ ಜನವರಿಯಲ್ಲಿ ತಂದರೆ ಆಗಲೇ ನೆಲಕ್ಕೆ ಹಾಕುವ ಅವಸರ ಬೇಡ. ದೊಡ್ಡ ಕುಂಡಕ್ಕೆ ಬದಲಿಸಿ, ಬೇಸಿಗೆ ಮುಗಿಯುವವರೆಗೆ ಮನೆಯ ಪೂರ್ವದ ಕಡೆ ಇಡಿ. ಅಷ್ಟರಲ್ಲಿ ಗುಂಡಿ ತೋಡಿ ಬಿಸಿಲಿಗೆ ಬಿಟ್ಟಿರಿ, ಹುಕ್ಕು ತಂತಿಯ ಕೆಲಸವನ್ನೂ ಮುಗಿಸಿ. ಮೃಗಶಿರ ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ನೆಡಿ. ಗೇಟಿನಾಚೆ ಆಡು ಓಡಾಡುವ ಓಣಿಯಾದರೆ ಮೊದಲ ವರ್ಷ ಸುತ್ತ ಜಾಲರಿ ಕಟ್ಟಲೇಬೇಕು. ಗುಲಾಬಿಯ ಮುಳ್ಳಿಗೆ ಆಡು ಹೆದರುವುದಿಲ್ಲ.