ಕಡಲಲೆಗಳ ಮೇಲೆ ಹಲಗೆಯಲ್ಲಿ ಜಾರುವ ಸರ್ಫಿಂಗ್ ಆಟದ ಚಿತ್ರಗಳಲ್ಲಿ ಗಿಟಾರ್ ಯಾಕೆ ‘ಒದ್ದೆ’ಯಾಗಿ ಕೇಳಿಸುತ್ತದೆ?

ಸ್ಪ್ರಿಂಗ್‌ಗಳಿಂದ. ತಮಾಷೆಯಲ್ಲ, ಆ ಕಡಲು ಇರುವುದು ಒಂದು ಪೆಟ್ಟಿಗೆಯೊಳಗೆ. ಗಿಟಾರಿನಿಂದ ಬರುವ ವಿದ್ಯುತ್ ಸಂಕೇತ ಸ್ಪ್ರಿಂಗಿನ ಒಂದು ತುದಿಯನ್ನು ಅಲುಗಿಸುತ್ತದೆ. ಕಂಪನ ಆಚೆ ತುದಿ ಮುಟ್ಟಿ, ಹಿಂದೆ ಬಂದು, ಮತ್ತೆ ಹೋಗಿ, ಮೆಲ್ಲಗೆ ಅಡಗುತ್ತದೆ. ಕಿವಿಗೆ ಅದು ದೊಡ್ಡ ಗುಹೆಯ ಅನುರಣನದಂತಿರುತ್ತದೆ. ಆದರೆ ಸ್ಪ್ರಿಂಗಿನಲ್ಲಿ ತಗ್ಗಿನ ಸ್ವರ, ಏರಿನ ಸ್ವರ ಎರಡೂ ಒಂದೇ ವೇಗದಲ್ಲಿ ಓಡುವುದಿಲ್ಲ. ತಂತಿಯನ್ನು ಅಂಗೈಯಿಂದ ಒತ್ತಿಹಿಡಿದು ಚುರುಕಾಗಿ ಮೀಟಿದರೆ ಒಂದೇ ಪೆಟ್ಟು ಚದುರಿಕೊಂಡು ಬಂದು, ಹನಿ ಬಿದ್ದ ಹಾಗೆ ‘ತೊಟಕ್’ ಎನ್ನುತ್ತದೆ. ಒದ್ದೆತನ ಅದೇ. (ಪೆಟ್ಟಿಗೆಗೆ ಕಾಲು ತಾಗಿತೋ, ಗುಡುಗೇ!)

ಗಿಟಾರ್ ತಯಾರಿಸುವ ಫೆಂಡರ್ ಕಂಪನಿ ಈ ಪೆಟ್ಟಿಗೆಯನ್ನು 1961ರಲ್ಲಿ ತಂದಿತು. ಕ್ಯಾಲಿಫೋರ್ನಿಯಾದಲ್ಲಿ ಸ್ವತಃ ಸರ್ಫರ್ ಆಗಿದ್ದ ಗಿಟಾರ್ ವಾದಕ ಡಿಕ್ ಡೇಲ್ ಬಿರುಸಾದ ಮೀಟಿನಿಂದ ಅಪ್ಪಳಿಸುವ ಅಲೆಯನ್ನು ನುಡಿಸಿದರು. ಬ್ರೂಸ್ ಬ್ರೌನ್ ಅವರ ‘ದಿ ಎಂಡ್‌ಲೆಸ್ ಸಮ್ಮರ್’ ಸಾಕ್ಷ್ಯಚಿತ್ರಕ್ಕೆ ಸಂಗೀತ ಕೊಟ್ಟ ದಿ ಸ್ಯಾಂಡಲ್ಸ್ ತಂಡದ ಮುಖ್ಯ ಧಾಟಿ ಮಾತ್ರ ನಿಧಾನದ್ದು, ಸ್ವರಗಳ ನಡುವೆ ಬಿಡುವು ಇರುವಂಥದ್ದು. ಬಿಡುವಿದ್ದರೇ ತಾನೇ ಅನುರಣನದ ಬಾಲ ಕೇಳಿಸುವುದು? ನನಗಂತೂ ಸಂಜೆಯ ಕಡಲು ಕಾಣುವುದು ಇದರಲ್ಲೇ.