ತಲೆ ಆಪರೇಷನ್ ಆದವರು ಮನೆಗೆ ಬಂದ ಮೇಲೆ

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಬಿ.ಪಿ. ಏರಿ ಮೆದುಳಲ್ಲಿ ರಕ್ತ ಸೋರಿ, ಎರಡು ತಿಂಗಳ ಹಿಂದೆ ಆಪರೇಷನ್ ಆಯಿತು. ಬುರುಡೆಯ ಬಲಗಡೆ ಎಲುಬು ತೆಗೆದು ಹೊಟ್ಟೆಯ ಚರ್ಮದಡಿ ಇಟ್ಟಿದ್ದಾರೆ. ಎಡಗೈ, ಎಡಗಾಲು ಆಡುವುದಿಲ್ಲ. ಊಟ ಮೂಗಿನ ನಳಿಗೆಯಲ್ಲಿ. ತಲೆಯ ಆ ಜಾಗ ಒಮ್ಮೆ ತಗ್ಗು ಬಿದ್ದಂತೆ, ಒಮ್ಮೆ ಉಬ್ಬಿದಂತೆ ಕಾಣುತ್ತದೆ. ನೋಡಲು ಬಂದವರೆಲ್ಲ ‘ಮುದ್ದೆ ಉಣ್ಣಿಸಿ, ಶಕ್ತಿ ಬರುತ್ತೆ’ ಅನ್ನುತ್ತಾರೆ. ಉಣ್ಣಿಸಬಹುದೇ?
– ಓದುಗರು, ಹರಿಹರ

ಉತ್ತರ: ಮುದ್ದೆ ಸದ್ಯಕ್ಕೆ ಬೇಡವೇ ಬೇಡ. ರಾಗಿಯ ತಪ್ಪೇನಿಲ್ಲ, ತೊಂದರೆ ಇರುವುದು ನುಂಗುವ ರೀತಿಯಲ್ಲಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ಹಾಗೇ ನುಂಗುತ್ತೇವೆ. ಗಂಟಲು ಸೋತವರಲ್ಲಿ ಆ ತುತ್ತು ಶ್ವಾಸನಾಳದ ಬಾಯಿಗೆ ಕೂತರೆ ಉಸಿರೇ ಕಟ್ಟುತ್ತದೆ. ಮಂಡಕ್ಕಿಯದು ಇನ್ನೊಂದು ಕಥೆ: ಒಣ ಕಾಳು ಬಾಯಲ್ಲಿ ಚದುರಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ನೀರನ್ನೂ ನಂಬಬೇಡಿ, ತೆಳ್ಳಗಿರುವ ಕಾರಣ ಶ್ವಾಸನಾಳ ಮುಚ್ಚಿಕೊಳ್ಳುವ ಮೊದಲೇ ಜಾರಿಬಿಡುತ್ತದೆ. ಕೆಮ್ಮಲಿಲ್ಲ ಅಂದ ಮಾತ್ರಕ್ಕೆ ಸರಿಯಾಗಿ ಇಳಿಯಿತು ಅಂತಲ್ಲ, ಕೆಲವರಿಗೆ ಕೆಮ್ಮಬೇಕೆಂಬ ಅರಿವೇ ಹೋಗಿರುತ್ತದೆ. ತಿಂದ ಮೇಲೆ ದನಿ ಗೊರಗೊರ ಅಂದರೆ, ಒಂದೆರಡು ದಿನದಲ್ಲಿ ಜ್ವರ, ಕಫ ಕಂಡರೆ ಆಹಾರ ಶ್ವಾಸಕೋಶಕ್ಕೆ ಇಳಿದಿರಬಹುದು.

ಸ್ಪೀಚ್ ಥೆರಪಿಸ್ಟ್ ನುಂಗುವ ಪರೀಕ್ಷೆ ಮಾಡಿ ಹೂಂ ಅಂದ ಮೇಲೆಯೇ ಬಾಯಿಗೆ ಕೊಡಿ. ಸಾಮಾನ್ಯವಾಗಿ ಗಟ್ಟಿ ಮೊಸರು, ನುಣ್ಣಗೆ ಕಿವುಚಿದ ಬಾಳೆಹಣ್ಣಿನಂಥದ್ದರಿಂದ ಶುರು ಮಾಡಿಸುತ್ತಾರೆ. ನೆಟ್ಟಗೆ ಕೂರಿಸಿ, ಒಮ್ಮೆಗೆ ಅರ್ಧ ಟೀ ಚಮಚ, ಅದೂ ಬಾಯಿಯ ಬಲಗಡೆಗೆ. ಎಡಗೆನ್ನೆಯ ಸಂದಿಯಲ್ಲಿ ತುತ್ತು ಉಳಿದಿರುತ್ತದೆ, ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಪ್ರತಿ ಸಲ ಬಾಯಿ ತೆರೆಸಿ ನೋಡಿ.

ಅಲ್ಲಿಯವರೆಗೆ ನಳಿಗೆಯೇ ಗತಿ. ರಾಗಿ ಗಂಜಿಯನ್ನು ಅದರಲ್ಲೇ ಕೊಡಬಹುದು, ಆದರೆ ತೆಳ್ಳಗೆ ಕಾಯಿಸಿ ಬಟ್ಟೆಯಲ್ಲಿ ಸೋಸಿ. ಸೋಸದ ಗಂಜಿಯಿಂದ ನಳಿಗೆ ಕಟ್ಟಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಬೇರೆ ಲೆಕ್ಕ ಬರೆದಿರದಿದ್ದರೆ ಒಮ್ಮೆಗೆ 200ರಿಂದ 250 ಎಂ.ಎಲ್., ಎರಡು–ಮೂರು ಗಂಟೆಗೊಮ್ಮೆ. ಮೊದಲು ಮೂಗಿನ ಹತ್ತಿರ ನಳಿಗೆಯ ಗುರುತು ಜಾಗದಲ್ಲೇ ಇದೆಯೇ ನೋಡಿ. ಹೊರಗೆ ಜಾರಿದ್ದರೆ ಏನೂ ಹಾಕಬೇಡಿ, ನೀವೇ ಒಳಗೆ ತಳ್ಳಲೂ ಬೇಡಿ. ನಳಿಗೆಯ ತುದಿ ಶ್ವಾಸಕೋಶದಲ್ಲಿದ್ದರೆ ಗಂಜಿ ಅಲ್ಲಿಗೇ ಹೋಗುತ್ತದೆ. ತಲೆಯ ಕಡೆ 30–45 ಡಿಗ್ರಿ ಎತ್ತರಿಸಿ. 50 ಎಂ.ಎಲ್. ಸಿರಿಂಜಿನ ಹಿಡಿ ತೆಗೆದು ಕೊಳವೆಯನ್ನಷ್ಟೇ ಸಿಕ್ಕಿಸಿ, ಗಂಜಿ ತಾನಾಗಿ ಇಳಿಯಲಿ, ಒತ್ತಬೇಡಿ. ಮುಂಚೆ 30, ಆಮೇಲೆ 30 ಎಂ.ಎಲ್. ನೀರು. ಮುಗಿದ ಮೇಲೂ ಒಂದು ಗಂಟೆ ಅದೇ ಎತ್ತರದಲ್ಲಿ ಇರಲಿ. ಮಾತ್ರೆಗಳನ್ನು ಒಂದೊಂದಾಗಿ ಪುಡಿ ಮಾಡಿ ನೀರಲ್ಲಿ ಕೊಡಿ, ಗಂಜಿಗೆ ಬೆರೆಸಬೇಡಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಲೇಬಾರದು, ಔಷಧಿ ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳಿ.

ಇನ್ನು ತಲೆಯ ವಿಚಾರ. ಎಲುಬಿಲ್ಲದ ಜಾಗ ಕೂತಾಗ ಸ್ವಲ್ಪ ತಗ್ಗುವುದು, ಮಲಗಿದಾಗ, ಕೆಮ್ಮಿದಾಗ ತುಂಬಿಕೊಳ್ಳುವುದು ಸಹಜ. ಬೆರಳಲ್ಲಿ ಮೆಲ್ಲಗೆ ಮುಟ್ಟಿದರೆ ಮೆತ್ತಗೆ ತಗಲಬೇಕು. ಕೂರಿಸಿದ ಮೇಲೂ ಬಿಗಿಯಾಗಿ ಉಬ್ಬಿಯೇ ಇದ್ದರೆ, ಜೊತೆಗೆ ವಾಂತಿ ಅಥವಾ ಮಂಪರು ಇದ್ದರೆ ಒಳಗೆ ಒತ್ತಡ ಏರುತ್ತಿರಬಹುದು, ತಕ್ಷಣ ಆಸ್ಪತ್ರೆಗೆ ಹೊರಡಿ. ಇದರ ಉಲ್ಟಾವೂ ಉಂಟು: ಜಾಗ ಆಳವಾಗಿ ಕುಸಿದು, ಕೂರಿಸಿದಾಗ ತಲೆನೋವು, ತಲೆಸುತ್ತು ಹೆಚ್ಚಾಗಿ, ಮಲಗಿಸಿದರೆ ಕಡಿಮೆಯಾಗುವುದು. ಅದನ್ನೂ ಸರ್ಜನ್‌ಗೆ ತಿಳಿಸಿ, ಎಲುಬು ಮರಳಿ ಕೂರಿಸುವ ದಿನವನ್ನು ಅವರು ಮುಂದಕ್ಕೆ ತಳ್ಳದೆ ಬೇಗ ಮಾಡಬಹುದು. ಹೊಟ್ಟೆಯ ಗಾಯ ಕೆಂಪಾದರೂ, ಕೀವು ಬಂದರೂ ಕಾಯಬೇಡಿ, ಅಲ್ಲಿರುವುದು ಅವರದೇ ಬುರುಡೆಯ ತುಂಡು.

ಮಂಚದ ತಲೆಗಡೆ ಗೋಡೆಗೆ ‘ಬಲಗಡೆ ಎಲುಬಿಲ್ಲ, ಒತ್ತಬೇಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ನೋಡಲು ಬಂದವರು ಪ್ರೀತಿಯಿಂದ ತಲೆ ಸವರುವುದೂ ಅಲ್ಲೇ ನಿಲ್ಲುತ್ತದೆ. ಎಬ್ಬಿಸಿ ಕೂರಿಸುವಾಗ, ನಡೆಸುವಾಗ ವೈದ್ಯರು ಹೇಳಿದ ಹೆಲ್ಮೆಟ್ ಇರಲಿ.

ಬಲ ಮಗ್ಗುಲಿಗೆ ಮಲಗಿಸುವ ಹಾಗಿಲ್ಲದ ಕಾರಣ ಬೆನ್ನು ಮತ್ತು ಎಡ ಮಗ್ಗುಲು ಎರಡೇ ಉಳಿಯುತ್ತವೆ. ಎಡಗಡೆ ಸ್ಪರ್ಶವೂ ಕಡಿಮೆಯಾಗಿದ್ದರೆ ಹಾಸಿಗೆ ಹುಣ್ಣು ಮೊದಲು ಏಳುವುದು ಅಲ್ಲೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಸೊಂಟ, ಹಿಮ್ಮಡಿ ನೋಡಿ. ಒತ್ತಿ ಬಿಟ್ಟರೂ ಮಾಸದ ಕೆಂಪು ಹುಣ್ಣಿನ ಮೊದಲ ಹಂತ. ಏರ್ ಬೆಡ್ ಇದ್ದರೂ ಇದು ತಪ್ಪಿದ್ದಲ್ಲ. ಕರೆಂಟು ಹೋದರೆ ಪಂಪ್ ನಿಂತು ಗಾಳಿ ಇಳಿದು ಮೈ ಮಂಚಕ್ಕೇ ತಾಗುತ್ತದೆ. ದಾವಣಗೆರೆ ಸೀಮೆಯ ಬೇಸಿಗೆಯಲ್ಲಿ ರೆಕ್ಸಿನ್ ಮೇಲೆ ಬರೀ ಮೈಯಲ್ಲಿ ಮಲಗಿಸಬೇಡಿ, ಹತ್ತಿ ಬಟ್ಟೆ ಹಾಸಿ. ಎಬ್ಬಿಸುವಾಗ ಎಡಗೈ ಹಿಡಿದು ಎಳೆಯಬೇಡಿ, ಸೋತ ಭುಜದ ಕೀಲು ಜಾರುತ್ತದೆ.

ಪ್ರಶ್ನೆ: ಅಪ್ಪಾಜಿಗೆ 67 ವರ್ಷ. ಮೆದುಳಿನಲ್ಲಿ ನೀರು ತುಂಬಿತ್ತೆಂದು ತಲೆಯಿಂದ ಹೊಟ್ಟೆಗೆ ನಳಿಗೆ ಹಾಕಿ ಐದು ತಿಂಗಳಾಯಿತು. ಚೆನ್ನಾಗಿ ನಡೆದಾಡುತ್ತಿದ್ದರು. ಹದಿನೈದು ದಿನದಿಂದ ಕಾಲು ಎಳೆಯುತ್ತಾರೆ, ಹಗಲೆಲ್ಲ ತೂಕಡಿಕೆ, ಹಾಸಿಗೆಯಲ್ಲೇ ಮೂತ್ರ. ವಯಸ್ಸಾಯಿತು ಬಿಡಿ ಅನ್ನುತ್ತಾರೆ.
– ಓದುಗರು, ಚಳ್ಳಕೆರೆ

ಉತ್ತರ: ವಯಸ್ಸು ಹದಿನೈದು ದಿನದಲ್ಲಿ ಬರುವುದಿಲ್ಲ. ಮೆದುಳಲ್ಲಿ ನೀರು ತುಂಬಿದಾಗ ಕಾಣುವ ಲಕ್ಷಣಗಳೇ ಇವು, ಹಾಗಾಗಿ ಮೊದಲ ಗುಮಾನಿ ನಳಿಗೆಯ ಮೇಲೆ. ಆಸ್ಪತ್ರೆಯಲ್ಲಿ ಇದನ್ನು ಶಂಟ್ ಅನ್ನುತ್ತಾರೆ. ಮೆದುಳಿನ ನೀರು ಕಿವಿಯ ಹಿಂದಿನ ವಾಲ್ವ್ ದಾಟಿ, ಕುತ್ತಿಗೆ, ಎದೆಯ ಚರ್ಮದಡಿಯಲ್ಲಿ ಇಳಿದು ಹೊಟ್ಟೆ ಸೇರುತ್ತದೆ. ಮೇಲಿನ ತುದಿ, ವಾಲ್ವ್, ಹೊಟ್ಟೆಯ ತುದಿ, ಎಲ್ಲಿ ಬೇಕಾದರೂ ಕಟ್ಟಬಹುದು. ವಾಲ್ವ್ ಒತ್ತಿ ನೋಡುವ ಪ್ರಯೋಗ ಮನೆಯಲ್ಲಿ ಬೇಡ. ನಾಳೆಯೇ ಹೋಗಿ ಸಿ.ಟಿ. ಮಾಡಿಸಿ, ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ ರಾತ್ರಿಯೇ ಆದರೂ 108ಕ್ಕೆ ಫೋನ್ ಮಾಡಿ. ಜ್ವರ, ಹೊಟ್ಟೆನೋವು, ನಳಿಗೆ ಹೋದ ದಾರಿಯಲ್ಲಿ ಕೆಂಪು ಗೆರೆ ಇದ್ದರೆ ಸೋಂಕಿರಬಹುದು, ಅದಕ್ಕೂ ತಡ ಮಾಡಬೇಡಿ.

ಹಳೆಯ ಸಿ.ಟಿ.ಯ ವರದಿ ಮಾತ್ರ ಸಾಲದು, ಸಿ.ಡಿ. ಅಥವಾ ಫಿಲ್ಮ್ ಕೂಡ ಒಯ್ಯಿರಿ. ಶಂಟ್ ಚೆನ್ನಾಗಿದ್ದಾಗ ನೀರು ತುಂಬುವ ಮೆದುಳಿನ ಕೋಣೆಗಳು ಎಷ್ಟು ದೊಡ್ಡವಿದ್ದವು ಎಂದು ಹೋಲಿಸಲು ಅದೊಂದೇ ಆಧಾರ. ವಾಲ್ವ್‌ನ ಕಾರ್ಡ್ ಕೊಟ್ಟಿದ್ದರೆ ಅದೂ ಜೇಬಲ್ಲಿರಲಿ. ಹೊರಗಿನಿಂದ ಅಯಸ್ಕಾಂತದಲ್ಲಿ ಹೊಂದಿಸುವ ವಾಲ್ವ್ ಆಗಿದ್ದರೆ ಎಂ.ಆರ್.ಐ. ಆದ ಮೇಲೆ ಮತ್ತೆ ಪರೀಕ್ಷಿಸಬೇಕಾಗಬಹುದು.

ಪ್ರಶ್ನೆ: ಮೆದುಳಿನ ಗೆಡ್ಡೆ ತೆಗೆಸಿಕೊಂಡ ತಂಗಿಗೆ ಫಿಟ್ಸ್ ಬಂತು. ಅಜ್ಜಿ ಕೈಗೆ ಬೀಗದ ಕೈ ಕೊಟ್ಟರು, ನಿಂತಿತು. ಈಗ ಮೂರು ತಿಂಗಳಿಂದ ಬಂದಿಲ್ಲ, ಮಾತ್ರೆ ನಿಲ್ಲಿಸಲೇ? ಮೊದಲಿನಂತಿಲ್ಲ, ಸಣ್ಣದಕ್ಕೂ ರೇಗುತ್ತಾಳೆ.
– ಓದುಗರು, ದಾವಣಗೆರೆ

ಉತ್ತರ: ಬಹುತೇಕ ಫಿಟ್ಸ್ ಒಂದೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತವೆ, ಕೀರ್ತಿ ಬೀಗದ ಕೈಗೆ ಹೋಗುತ್ತದೆ. ಮುಂದೆ ಬಂದರೆ ಗಡಿಯಾರ ನೋಡಿ, ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ನೀರಾಗಲಿ ಚಮಚವಾಗಲಿ ಹಾಕಬೇಡಿ. ಐದು ನಿಮಿಷ ದಾಟಿದರೆ 108. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂದು ವೈದ್ಯರನ್ನು ಕೇಳಿ.

ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಬಾರದಿರುವುದು ಮಾತ್ರೆಯಿಂದಲೇ ಇರಬಹುದು, ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಬರಬಹುದು. ರೇಗುವುದಕ್ಕೆ ಎರಡು ಕಾರಣ ಇರಬಹುದು: ಆಪರೇಷನ್ ಆದ ಜಾಗ, ಇಲ್ಲವೇ ಮಾತ್ರೆಯೇ. ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಮ್ ಮಾತ್ರೆ ಕೆಲವರಲ್ಲಿ ಸಿಡುಕು ತರುತ್ತದೆ. ಯಾವ ಮಾತ್ರೆ ಯಾವ ದಿನ ಶುರುವಾಯಿತು, ಸಿಡುಕು ಯಾವ ದಿನ ಶುರುವಾಯಿತು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ತೋರಿಸಿ. ಬದಲಿಸಲು ಬೇರೆ ಮಾತ್ರೆಗಳಿವೆ.