ಮಾತ್ರೆ ತಗೊಂಡರೂ ಐರನ್ ಏರುತ್ತಿಲ್ಲ, ಯಾಕೆ?

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಐರನ್ ಇರುವ ವಿಟಮಿನ್ ಮಾತ್ರೆ ದಿನಾ ತಪ್ಪದೆ ನುಂಗುತ್ತೇನೆ, ಬೆಳಗಿನ ಕಾಫಿ ಜೊತೆಗೇ. ಆದರೂ ಹಿಮೋಗ್ಲೋಬಿನ್ ಏರುತ್ತಿಲ್ಲ.

ಉತ್ತರ: ಆ ಕಾಫಿಯೇ ಅಡ್ಡಗಾಲು ಹಾಕುತ್ತಿರಬಹುದು. ಕಾಫಿ, ಟೀಯಲ್ಲಿರುವ ಪಾಲಿಫಿನಾಲ್‌ಗಳು ಐರನ್ನನ್ನು ಕರುಳಿನಲ್ಲೇ ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕೂಡ ತಡೆಯುತ್ತದೆ, ಹಾಗಾಗಿ ಹಾಲಿನ ಜೊತೆಯೂ ಬೇಡ, ಕ್ಯಾಲ್ಸಿಯಂ ಮಾತ್ರೆ ಬೇರೆ ಇದ್ದರೆ ನಡುವೆ 2 ಗಂಟೆ ಬಿಡಿ. ಕಿತ್ತಳೆ ರಸದ ಜೊತೆ ತಗೊಳ್ಳಿ, ವಿಟಮಿನ್ ಸಿ ಸಹಾಯ ಮಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ಜಾಸ್ತಿ ಹೀರಿಕೊಳ್ಳುತ್ತದೆ ನಿಜ, ಆದರೆ ಎಲ್ಲಾ ವಾಂತಿಯಾಗಿ ಹೋದರೆ ಏನು ಲಾಭ, ಅಲ್ವಾ? ವಾಕರಿಕೆ ಇದ್ದರೆ ಸ್ವಲ್ಪ ತಿಂದೇ ನುಂಗಿ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಐರನ್ನಿನ ಬಣ್ಣ. ಸುಮ್ನೆ ನೀವೇ ಡೋಸ್ ಏರಿಸಬೇಡಿ. ದೇಹದಲ್ಲಿ ಐರನ್ ಎಷ್ಟು ಸಂಗ್ರಹ ಇದೆ ಅಂತ ತೋರಿಸುವ ಫೆರಿಟಿನ್ ರಕ್ತ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.